ಹಿಂದಿನವರ ಹಿಟ್ಟು

ನಾಚಿಕೆ ಸ್ವಭಾವದವರಿಗೆ ಜೀವನದಲ್ಲಿ ಎಷ್ಟು ಸುತ್ತು ಹೆಚ್ಚಾಗುತ್ತದೆ ಅನ್ನುವುದು ಅವರಿಗೆ ಮಾತ್ರ ಗೊತ್ತು. ನಾನು ಮದುವೆಯಾಗಿ ಗುಬ್ಬಿಗೆ ಬಂದ ಹೊಸದರಲ್ಲಿ ಒಂದು ದಿನ ತುಮಕೂರಿನಿಂದ ಒಬ್ಬಳೇ ಬಸ್ಸು ಹತ್ತಿದ್ದೆ. ಕಿಟಕಿ ಪಕ್ಕದ ಸೀಟು. ನನ್ನ ಪಕ್ಕದಲ್ಲಿ ಕೂತಿದ್ದ ದಪ್ಪನೆಯ ಹೆಂಗಸು ಹೆಗ್ಗೆರೆ ದಾಟುವುದರೊಳಗೆ ನಿದ್ದೆ ಹೋದಳು. ಗುಬ್ಬಿ ಬಂತು. ಆಕೆಯನ್ನು ಎಬ್ಬಿಸದೆ ನಾನು ಇಳಿಯುವಂತಿಲ್ಲ. ಭುಜ ಮುಟ್ಟಲೋ, ಕೆಮ್ಮಲೋ, ಚೀಲ ಅಲ್ಲಾಡಿಸಲೋ ಎಂದು ನಾನು ಯೋಚಿಸುತ್ತಿರುವಾಗಲೇ ಬಸ್ಸು ಹೊರಟಿತು. ನಿಟ್ಟೂರಿನಲ್ಲಿ ಆಕೆ ತಾನಾಗಿ ಎಚ್ಚರಗೊಂಡು, ‘ನೀವೆಲ್ಲಿ ಇಳೀಬೇಕವ್ವಾ?’ ಅಂದಳು. ‘ಇಲ್ಲೇ’ ಅಂದು ಇಳಿದುಬಿಟ್ಟೆ. ವಾಪಸ್ ಗುಬ್ಬಿಗೆ ಬರುವಷ್ಟರಲ್ಲಿ ನಿಮ್ಮ ತಾತ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಿಂತು ಪಕ್ಕದ ಹೋಟೆಲಿನವನ ಸಂಸಾರದ ಕಥೆಯನ್ನೆಲ್ಲ ಕೇಳಿ ಮುಗಿಸಿದ್ದರು.

ಇಂಥವಳ ಹೆಸರಿನಲ್ಲಿ ಒಂದು ಪುಸ್ತಕ ಇದೆ ಅಂದರೆ ನನಗೇ ಒಮ್ಮೊಮ್ಮೆ ನಂಬಿಕೆ ಬರುವುದಿಲ್ಲ. ಆ ಪುಸ್ತಕ ಹೇಗೆ ಆಯಿತು ಅನ್ನುವುದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಈಗ ಹೇಳಬೇಕಾಗಿ ಬಂದದ್ದು ಪಲ್ಲವಿಯಿಂದ. ಹೋದ ಭಾನುವಾರ ಮೈಸೂರಿನ ಹಾಸ್ಟೆಲ್‌ನಿಂದ ಫೋನ್ ಮಾಡಿ, ದನಿ ತಗ್ಗಿಸಿ, ‘ಅಜ್ಜಿ, ನನ್ನ ಕವನ ಎಲ್ಲ ಸೇರಿಸಿ ಒಬ್ಬ ಪಬ್ಲಿಷರ್ ಪುಸ್ತಕ ಮಾಡ್ತಾರಂತೆ. ಆದ್ರೆ ನಾವೇ ದುಡ್ಡು ಕೊಡ್ಬೇಕಂತೆ. ಕೊಡ್ಲಾ, ಬೇಡ್ವಾ? ಅಪ್ಪಂಗೆ ಹೇಳ್ಬೇಡ’ ಅಂದಳು. ನಾನು ‘ಊಟ ಆಯ್ತಾ ಮಗಾ?’ ಅಂದೆ. ಅವಳು ಕೋಪ ಮಾಡಿಕೊಂಡು ಫೋನ್ ಇಟ್ಟಳು. ನನಗೆ ಬಾಯಲ್ಲಿ ಹೇಳಲು ಬಾರದ್ದೆಲ್ಲ ಬರವಣಿಗೆಯಲ್ಲಿ ಬರುತ್ತದೆ. ಅದಕ್ಕೇ ಕೂತಿದ್ದೇನೆ. ಚೇತನ, ನೀನೂ ಓದು. ಈ ಗಲಾಟೆಗೆ ಮೂಲ ನಿಮ್ಮಿಬ್ಬರ ಊಟವೇ.

ನಿಮ್ಮ ತಾತ ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು, ರಿಟೈರಾದ ಎರಡನೇ ವರ್ಷಕ್ಕೇ ಹೋಗಿಬಿಟ್ಟರು. ಆಮೇಲೆ ನಾನು ತುಮಕೂರಿನ ಸದಾಶಿವನಗರಕ್ಕೆ, ನಿಮ್ಮಪ್ಪ ಶಂಕರನ ಮನೆಗೆ ಬಂದೆ. ಶಂಕರ ಹೈಸ್ಕೂಲಿಗೆ ಪಾಠ ಮಾಡಲು ಹೋಗುವನು, ನಿಮ್ಮಮ್ಮ ಸುಧಾ ತನ್ನ ಆಫೀಸಿಗೆ. ನಿಮಗೆ ಉಣ್ಣಿಸುವ ಕೆಲಸ ನನ್ನದು. ಪಲ್ಲವಿ ಆಗ ಒಂದನೇ ಕ್ಲಾಸು, ಚೇತನನಿಗೆ ನಾಲ್ಕು ವರ್ಷ. ಕಥೆ ಇಲ್ಲದೆ ಒಂದು ತುತ್ತೂ ಒಳಗೆ ಇಳಿಯುತ್ತಿರಲಿಲ್ಲ. ನನಗೆ ಗೊತ್ತಿದ್ದ ರಾಜರಾಣಿಯರೆಲ್ಲ ಒಂದು ತಿಂಗಳಿಗೆ ಮುಗಿದುಹೋದರು. ಆಮೇಲೆ ನಾನೇ ಕಟ್ಟಲು ಶುರು ಮಾಡಿದೆ. ಅಮೃತೂರಿನಲ್ಲಿ ನಂಜಿ ಅಂತ ಒಂದು ಎಮ್ಮೆ. ಅದಕ್ಕೆ ಕುಣಿಗಲ್ ಕೆರೆ ನೋಡುವ ಆಸೆ. ಪ್ರೈವೇಟ್ ಬಸ್ಸು ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತುಬಿಡುತ್ತದೆ. ಫುಲ್ ಟಿಕೆಟ್ಟೋ, ಹಾಫ್ ಟಿಕೆಟ್ಟೋ, ಲಗೇಜೋ ಅಂತ ಕಂಡಕ್ಟರಿಗೆ ತಲೆಬಿಸಿ. ಹೀಗೆ. ಕಷ್ಟ ಏನಾಯಿತೆಂದರೆ ಪಲ್ಲವಿ ಲಾಯರಿನ ಹಾಗೆ. ‘ಅಜ್ಜಿ, ನಿನ್ನೆ ನಂಜಿಗೆ ಎಡಗಡೆ ಕೊಂಬು ಮುರಿದಿದೆ ಅಂದೆ, ಇವತ್ತು ಬಲಗಡೇದು ಅಂತೀಯ. ಸುಳ್ಳು ಹೇಳ್ತಿದೀಯ’ ಎಂದು ಬಾಯಿ ಮುಚ್ಚಿಕೊಂಡು ಕೂತುಬಿಡುವಳು. ಅನ್ನ ಆರಿಹೋಗುತ್ತಿತ್ತು. ಹೀಗೆ ಸಿಕ್ಕಿಬೀಳಬಾರದು ಅಂತ ಶಂಕರನ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆದಿಡತೊಡಗಿದೆ. ಯಾವ ಕೊಂಬು, ಯಾವ ಬಸ್ಸು, ಕಂಡಕ್ಟರಿನ ಹೆಸರೇನು, ಎಲ್ಲವೂ ಅದರಲ್ಲಿತ್ತು. ಏಳನೇ ಕ್ಲಾಸು ಹಳ್ಳಿ ಸ್ಕೂಲಿನಲ್ಲಿ ಓದಿದ ಹೆಂಗಸು ಸಾಹಿತ್ಯ ಬರೆಯಲು ಕೂತದ್ದಲ್ಲ. ಬರೀ ಸಾಕ್ಷಿಗೋಸ್ಕರ ಬರೆದದ್ದು.

ಆ ನೋಟ್‌ಬುಕ್ಕು ಒಂದು ದಿನ ಶಂಕರನ ಕೈಗೆ ಸಿಕ್ಕಿತು. ಅವನು ಓದಿ, ನಕ್ಕು, ನನಗೆ ಹೇಳದೆ ಸ್ಕೂಲಿಗೆ ತೆಗೆದುಕೊಂಡು ಹೋದ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಓದಿ, ಅವರಲ್ಲಿ ಗಣಿತದ ಮೇಷ್ಟ್ರು ತಮಗೆ ಗೊತ್ತಿದ್ದ ಪ್ರಕಾಶಕರೊಬ್ಬರಿಗೆ ತಲುಪಿಸಿ, ನನಗೆ ವಿಷಯ ಗೊತ್ತಾಗುವ ಹೊತ್ತಿಗೆ ನೋಟ್‌ಬುಕ್ಕು ಊರೆಲ್ಲ ಸುತ್ತಿತ್ತು. ಒಳಲಂಗ ಒಣಹಾಕಿದ್ದನ್ನು ಬೀದಿಯವರೆಲ್ಲ ನೋಡಿದ ಹಾಗೆ ಆಯಿತು ನನಗೆ. ಎರಡು ದಿನ ಶಂಕರನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಪ್ರಕಾಶಕರು ಕರೆದಿದ್ದಾರೆ ಅಂದ. ಹಸಿರು ಸೀರೆ ಇಸ್ತ್ರಿ ಮಾಡಿಸಿದೆ.

ಪ್ರಕಾಶಕರ ಹೆಸರು ಚಿದಾನಂದಪ್ಪ. ಮಂಡಿಪೇಟೆ ಕಡೆಯ ಒಂದು ಗಲ್ಲಿಯಲ್ಲಿ ಮುಂದೆ ಆಫೀಸು, ಹಿಂದೆ ಪ್ರೆಸ್ಸು. ಕುರ್ಚಿಗಳ ಮೇಲೆಲ್ಲ ಪುಸ್ತಕ. ಜನ ಕೂರಲು ಒಂದೇ ಒಂದು ಸ್ಟೂಲು. ಅದರ ಮೇಲೆ ನನ್ನನ್ನು ಕೂರಿಸಿ, ಕೈ ಮುಗಿದು, ‘ಅಮ್ಮಾ, ಓದಿದೆ. ಕಣ್ಣಲ್ಲಿ ನೀರು ಬಂತು’ ಅಂದರು. ಎಮ್ಮೆ ಬಸ್ಸು ಹತ್ತುವ ಕಥೆಗೆ ಕಣ್ಣಲ್ಲಿ ನೀರು ಯಾಕೆ ಬಂತು ಅಂತ ನನಗೆ ಅರ್ಥವಾಗಲಿಲ್ಲ. ಕೇಳಲು ನಾಚಿಕೆಯಾಯಿತು.

‘ಹಾಗಾದ್ರೆ ಪುಸ್ತಕ ಹಾಕ್ತೀರಾ ಸಾರ್?’ ಅಂದ ಶಂಕರ.

‘ಹಾಕೋಣ ಸಾರ್, ಅದಕ್ಕೇನಂತೆ. ಲೇಖಕರ ಕಡೆಯಿಂದ ಸ್ವಲ್ಪ ಸಹಕಾರ ಇದ್ರೆ.’

‘ಸಹಕಾರ ಅಂದ್ರೆ? ಪ್ರೂಫ್ ನೋಡೋದಾ? ನಾನೇ ನೋಡ್ಕೊಡ್ತೀನಿ.’

‘ಅದನ್ನೂ ನೋಡಿ ಸಾರ್, ಸಂತೋಷ. ಅದಲ್ದೆ ಪೇಪರು, ಇಂಕು, ಬೈಂಡಿಂಗು, ಆಳಿನ ಕೂಲಿ. ಅಷ್ಟೇ.’

‘ಎಲ್ಲ ನಮ್ದೇ ಆಯ್ತಲ್ಲ. ಮತ್ತೆ ನಿಮ್ದೇನು?’

‘ನಮ್ಮ ಹೆಸರು ಸಾರ್’ ಅಂದರು ಚಿದಾನಂದಪ್ಪನವರು, ಬಹಳ ವಿನಯದಿಂದ.

ವಾಪಸ್ ಬರುವಾಗ ಸ್ಕೂಟರಿನ ಮೇಲೆ ಶಂಕರ ಟೌನ್ ಹಾಲ್ ಸರ್ಕಲ್ಲಿನಿಂದ ಸದಾಶಿವನಗರದವರೆಗೂ ಬೈದುಕೊಂಡೇ ಬಂದ. ‘ಏನಮ್ಮಾ ಇದು? ನಮ್ಮ ಗುಬ್ಬಿ ತೋಟದವರು ಮಂಡಿಯವನಿಗೆ ಕೊಬ್ಬರೀನೂ ಕೊಟ್ಟು, ಮೇಲೆ ದುಡ್ಡೂ ಕೊಡ್ತಾರಾ? ಬರೆದವರಿಗೆ ಅವನು ಕೊಡಬೇಕು. ಬರೆದವರ ಹತ್ರ ಇಸ್ಕೊಳ್ಳೋದು ಅಂದ್ರೆ ಯಾವ ನ್ಯಾಯ?’ ನಾನು ಹಿಂದೆ ಕೂತು, ಸೆರಗು ಹಿಡಿದುಕೊಂಡು, ‘ಕೊಬ್ಬರೀನಾದ್ರೆ ಮಂಡಿಯವನು ಕೇಳ್ಕೊಂಡು ಮನೆ ಬಾಗಿಲಿಗೆ ಬರ್ತಾನಪ್ಪಾ. ನನ್ನ ಎಮ್ಮೇನ ಯಾರು ಕೇಳ್ಕೊಂಡು ಬಂದಿದ್ರು?’ ಅಂದೆ. ಗಾಳಿಗೆ ಅವನಿಗೆ ಕೇಳಿಸಲಿಲ್ಲ. ನನ್ನ ಒಳ್ಳೊಳ್ಳೆಯ ಮಾತುಗಳೆಲ್ಲ ಹೀಗೇ ಗಾಳಿಗೆ ಹೋಗಿವೆ.

ಆದರೆ ನನ್ನ ತಲೆಯಲ್ಲಿ ಇದ್ದದ್ದು ಕೊಬ್ಬರಿ ಅಲ್ಲ, ಹಿಟ್ಟಿನ ಮಿಷನ್ನು. ನಾನು ಹುಟ್ಟಿದ್ದು ಅಮೃತೂರಿಗೆ ಎರಡು ಮೈಲಿ ದೂರದ ಹಳ್ಳಿಯಲ್ಲಿ. ವಾರಕ್ಕೊಂದು ಸಲ ರಾಗಿ ಚೀಲ ಹೊತ್ತು ಅಮೃತೂರಿನ ಮಿಷನ್ನಿಗೆ ಹೋಗುವುದು ನನ್ನ ಕೆಲಸವಾಗಿತ್ತು. ರಾಗಿ ನಮ್ಮದು, ಚೀಲ ನಮ್ಮದು, ಹೊರುವ ತಲೆ ನಮ್ಮದು, ಮಿಷನ್ನು ಅವನದು. ಬೀಸಿಕೊಟ್ಟದ್ದಕ್ಕೆ ಅವನಿಗೆ ಕೂಲಿ ಕೊಟ್ಟು, ನಮ್ಮ ಹಿಟ್ಟು ನಾವು ತರುತ್ತಿದ್ದೆವು. ಅದರಲ್ಲಿ ಯಾರಿಗೂ ಅವಮಾನ ಕಾಣಲಿಲ್ಲ. ಮಿಷನ್ನಿನವನೂ ‘ನಿಮ್ಮ ರಾಗಿ ನೋಡಿ ಕಣ್ಣಲ್ಲಿ ನೀರು ಬಂತು’ ಅನ್ನುತ್ತಿರಲಿಲ್ಲ. ಒಂದೇ ಒಂದು ಎಚ್ಚರಿಕೆ ಬೇಕಿತ್ತು. ಹಿಂದಿನವರು ಬೀಸಿಸಿದ ಹಿಟ್ಟು ಒಂದಿಷ್ಟು ಮಿಷನ್ನಿನ ಬಾಯಲ್ಲಿ ಉಳಿದಿರುತ್ತದೆ. ‘ಮೊದಲು ಒಂದು ಹಿಡಿ ಹಾಕಿಸಿ, ಬಂದದ್ದನ್ನ ಬೇರೆ ತೆಗಿ. ಹಿಂದಿನವರ ಹಿಟ್ಟು ಸೇರ್ಕೋಬಾರ್ದು. ಅಲ್ಲೇ ನಿಂತಿದ್ದು ನೋಡ್ಕೊ’ ಅಂತ ನಮ್ಮವ್ವ ಪ್ರತಿ ಸಲವೂ ಹೇಳಿ ಕಳಿಸುವಳು. ನಾನು ಅಲ್ಲೇ ನಿಂತು ನೋಡುವುದೇನೋ ನೋಡುತ್ತಿದ್ದೆ. ಆದರೆ ‘ಒಂದು ಹಿಡಿ ಬೇರೆ ತೆಗೀರಿ’ ಅಂತ ಆ ಮೀಸೆಯವನಿಗೆ ಹೇಳಲು ನಾಚಿಕೆ. ಹಾಗಾಗಿ ನಾವು ಉಂಡ ಮುದ್ದೆಯಲ್ಲಿ ಊರಿನವರೆಲ್ಲರ ಜೋಳ, ಗೋಧಿ, ಒಂದು ಸಲ ಯಾರದೋ ಸೀಗೆಪುಡಿಯೂ ಇತ್ತು. ಅವ್ವ ಆ ದಿನ ಬೈದದ್ದು ಇನ್ನೂ ಕಿವಿಯಲ್ಲಿದೆ.

ಹಾಗಾಗಿ ದುಡ್ಡು ಕೊಟ್ಟು ಪುಸ್ತಕ ಮಾಡಿಸುವುದು ನನಗೆ ತಪ್ಪು ಅನ್ನಿಸಲಿಲ್ಲ. ತೊಡಕು ಬೇರೆ ಕಡೆ ಇತ್ತು. ನನ್ನ ಹತ್ತಿರ ಪೆನ್ಷನ್ನಿನಲ್ಲಿ ಉಳಿಸಿದ್ದ ಒಂದೇ ಒಂದು ಗಂಟು ಇತ್ತು. ಅದು ಕಾಶಿಗೆ ಅಂತ ಎತ್ತಿಟ್ಟದ್ದು. ಅಮೃತೂರಿನಲ್ಲೇ ಕೊಟ್ಟಿರುವ ನನ್ನ ತಂಗಿ ಪುಟ್ಟಮ್ಮನೂ ನಾನೂ ಜೊತೆಯಾಗಿ ಟೂರಿನ ಬಸ್ಸಿನಲ್ಲಿ ಹೋಗುವುದು ಅಂತ ಮೂರು ವರ್ಷದಿಂದ ಮಾತಾಗಿತ್ತು. ಪುಟ್ಟಮ್ಮ ಒಂದು ಎಮ್ಮೆ, ಎರಡು ಸೀಮೆ ಹಸು ಕಟ್ಟಿ, ಡೈರಿಗೆ ಹಾಲು ಹಾಕಿ, ತನ್ನ ಪಾಲು ಕೂಡಿಟ್ಟಿದ್ದಳು. ಮುಂದಿನ ತಿಂಗಳೇ ಹೊರಡಬೇಕು. ಅವಳಿಗೆ ನಾಚಿಕೆ ಅನ್ನುವುದು ಗೊತ್ತಿಲ್ಲ. ನಮ್ಮಿಬ್ಬರದನ್ನೂ ದೇವರು ನನಗೇ ಕೊಟ್ಟುಬಿಟ್ಟಿದ್ದಾನೆ. ವಿಷಯ ಕೇಳಿ ಮೊದಲ ಬಸ್ಸಿಗೇ ಬಂದಳು.

‘ಏನಕ್ಕಾ, ಕಾಸಿ ಬುಟ್ಟು ಪುಸ್ತಕ ಮಾಡುಸ್ತೀಯಂತೆ? ತಲೆ ಕೆಟ್ಟದಾ? ಕಾಸಿಗೋದ್ರೆ ಪುಣ್ಯ ಬತ್ತದೆ. ಪುಸ್ತಕ ಮಾಡುಸುದ್ರೆ ಗೆದ್ದಲು ಬತ್ತದೆ.’

‘ಮುಂದಿನ ವರ್ಷ ಹೋಗೋಣ ಕಣೇ.’

‘ಮುಂದುಲ್ ವರ್ಸ ನೀನಿರ್ತೀಯೋ ನಾನಿರ್ತೀನೋ. ಅಲ್ಲ, ಎಮ್ಮೆ ಕತೆ ಓದಾಕೆ ಯಾರು ಕಾದವ್ರೆ ಅಂತೀನಿ? ನಮ್ಮನೇಲೇ ಕಟ್ಟಾಕಿವ್ನಿ, ಬಂದು ನೋಡ್ಕೊಂಡೋಗ್ಲಿ ಬುಡು.’

ಸುಧಾ ಮಾತ್ರ, ‘ಅತ್ತೆ ಇಷ್ಟು ವರ್ಷದಲ್ಲಿ ತಮಗೆ ಅಂತ ಏನು ಕೇಳಿದಾರೆ? ಒಂದು ಸೀರೆ ತಗೊಂಡ್ರು ಅಂದ್ಕೊಳ್ಳಿ’ ಅಂದಳು. ಪುಟ್ಟಮ್ಮ, ‘ಅಷ್ಟು ದುಡ್ಡಿನ ಸೀರೆ ಉಟ್ಕೊಂಡು ಯಾರ ಮದ್ವೇಗೋಯ್ತಾಳಮ್ಮಾ?’ ಅಂದು ಕಾಫಿ ಕುಡಿದು ಎದ್ದಳು.

ನಿಜ ಹೇಳಿಬಿಡುತ್ತೇನೆ. ಅಲ್ಲಿಯವರೆಗೆ ನನ್ನ ಹೆಸರು ಅಚ್ಚಾಗಿದ್ದದ್ದು ಎರಡೇ ಕಡೆ. ಒಂದು ನನ್ನ ಲಗ್ನಪತ್ರಿಕೆ, ಇನ್ನೊಂದು ಓಟರ್ ಲಿಸ್ಟು. ಓಟರ್ ಲಿಸ್ಟಿನಲ್ಲಿ ಹತ್ತು ವರ್ಷ ವಯಸ್ಸು ಹೆಚ್ಚಾಗಿ ಬೇರೆ ಹಾಕಿದ್ದರು. ಆದರೆ ಹೆಸರಿನ ಆಸೆ ಅಷ್ಟು ದೊಡ್ಡದಾಗಿರಲಿಲ್ಲ. ನನ್ನನ್ನು ಕೊರೆಯುತ್ತಿದ್ದದ್ದು ಪುಟ್ಟಮ್ಮನ ಪ್ರಶ್ನೆ. ಎಮ್ಮೆ ಕಥೆ ಓದಲು ಯಾರು ಕಾದಿದ್ದಾರೆ? ನೀವಿಬ್ಬರೂ ಕೇಳುತ್ತಿದ್ದಿರಿ, ಆದರೆ ನೀವು ನನ್ನ ಮೊಮ್ಮಕ್ಕಳು, ಮೇಲಾಗಿ ತಟ್ಟೆ ನನ್ನ ಕೈಯಲ್ಲಿತ್ತು. ನನ್ನ ರಕ್ತಸಂಬಂಧ ಇಲ್ಲದ, ನನ್ನ ಮುಖದಾಕ್ಷಿಣ್ಯ ಇಲ್ಲದ ಒಬ್ಬರು, ಒಬ್ಬರೇ ಒಬ್ಬರು, ‘ಆಮೇಲೆ ನಂಜಿ ಏನಾಯ್ತು?’ ಅಂತ ಕೇಳುತ್ತಾರೆಯೇ ಅನ್ನುವುದು ನನಗೆ ತಿಳಿಯಬೇಕಾಗಿತ್ತು. ಅದು ಕಾಶಿಯಲ್ಲಿ ತಿಳಿಯುವ ವಿಷಯವಲ್ಲ. ದುಡ್ಡು ಕೊಟ್ಟುಬಿಟ್ಟೆ. ಮುನ್ನೂರು ಪ್ರತಿಗೆ ಮಾತಾಯಿತು. ಪುಟ್ಟಮ್ಮ ಆ ವರ್ಷ ಡೈರಿಯ ಹೆಂಗಸರ ಜೊತೆ ಕಾಶಿಗೆ ಹೋಗಿಬಂದಳು. ಗಂಗೆಯ ಗಿಂಡಿಯನ್ನು ನನ್ನ ಮುಂದೆ ಕುಕ್ಕಿ, ‘ತಗೋ, ನಿನ್ನ ಪಾಲು’ ಅಂದಳು.

ಪ್ರೆಸ್ಸಿನ ಕೆಲಸ ಶುರುವಾದ ದಿನ ನಾನು ಒಂದು ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಕೊಂಡು ಅಲ್ಲಿಗೆ ಹೋಗಿ ಮೂಲೆಯಲ್ಲಿ ಕೂತೆ. ಚಿದಾನಂದಪ್ಪನವರು ಗಾಬರಿಯಾಗಿ, ‘ಏನಮ್ಮಾ, ಏನಾದ್ರೂ ಬೇಕಿತ್ತಾ?’ ಅಂದರು. ‘ಏನಿಲ್ಲ, ಸುಮ್ಮನೆ’ ಅಂದೆ. ಮಾರನೇ ದಿನವೂ ಹೋದೆ. ಅದರ ಮಾರನೇ ದಿನವೂ. ಕೊನೆಗೆ ಅಲ್ಲಿ ಬೈಂಡಿಂಗ್ ಮಾಡುವ ಹೆಂಗಸರಲ್ಲಿ ಜಯಮ್ಮ ಅನ್ನುವವಳು, ‘ಇಲ್ಲಿ ಯಾರೂ ನಿಮ್ಮ ಪುಸ್ತಕ ಕದಿಯಲ್ಲ ಕಣಮ್ಮಾ, ಮನೇಗೋಗಿ ಮಲಗ್ರೀ’ ಅಂತ ನಕ್ಕಳು. ನನಗೆ ನಾಚಿಕೆಯಾಗಿ, ‘ಹಿಂದಿನವರದ್ದು ಸೇರ್ಕೊಂಡುಬಿಟ್ರೆ ಅಂತ...’ ಅಂದೆ. ಹಿಟ್ಟಿನ ಮಿಷನ್ನಿನ ಕಥೆಯನ್ನೂ ಹೇಳಿದೆ. ಆ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಚಿತ್ರಾನ್ನ ಹಂಚಿಕೊಂಡು ತಿಂದರು.

ಅವರ ಕೆಲಸ ನೋಡಲು ಚೆಂದ. ಒಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಅಚ್ಚಾಗುತ್ತದೆ. ಮಡಿಸಿದರೆ ಒಂದು ಕಂತೆ. ಒಂದೊಂದು ಬಗೆಯ ಕಂತೆಯನ್ನು ಒಂದೊಂದು ರಾಶಿ ಮಾಡಿ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟಿರುತ್ತಾರೆ. ಹೆಂಗಸರು ಮೇಜಿನ ಪಕ್ಕದಲ್ಲಿ ನಡೆಯುತ್ತಾ ಪ್ರತಿ ರಾಶಿಯಿಂದ ಒಂದೊಂದು ಕಂತೆ ಎತ್ತಿ, ಕೊನೆಗೆ ಬರುವಷ್ಟರಲ್ಲಿ ಕೈಯಲ್ಲಿ ಒಂದು ಪುಸ್ತಕ ಆಗಿರುತ್ತದೆ. ಮಾತೆಲ್ಲ ಅತ್ತೆ, ನಾದಿನಿ, ಸೊಸೈಟಿ ಸಾಲದ ಬಗ್ಗೆ. ಕೈ ಮಾತ್ರ ತಪ್ಪುವುದಿಲ್ಲ. ಅವರಿಗೆ ಪುಟ ಕಾಣುವುದಿಲ್ಲ, ರಾಶಿ ಮಾತ್ರ ಕಾಣುತ್ತದೆ. ಕೊನೆಯ ದಿನ ನಾನೂ ಸುಮ್ಮನೆ ಕೂರಲಾರದೆ, ಅವರು ಊಟಕ್ಕೆ ಎದ್ದಾಗ, ಅಲ್ಲಿ ಇಲ್ಲಿ ಬಿದ್ದಿದ್ದನ್ನು ಎತ್ತಿಟ್ಟು ಒಂದಿಷ್ಟು ಕೈ ಜೋಡಿಸಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆಟೋದಲ್ಲಿ ಪುಸ್ತಕದ ಕಟ್ಟುಗಳು ಬಂದವು. ನನ್ನ ಮಂಚದ ಕೆಳಗೆ ಜೋಡಿಸಿದೆವು. ಸುಧಾ ದೇವರ ಮುಂದೆ ಒಂದು ಪ್ರತಿ ಇಟ್ಟು ಅರಿಶಿನ ಕುಂಕುಮ ಹಚ್ಚಿದಳು. ಪಲ್ಲವಿ ಆಗ ಎರಡನೇ ಕ್ಲಾಸಿಗೆ ಬಂದಿದ್ದಳು, ಕೂಡಿಸಿ ಕೂಡಿಸಿ ಓದುತ್ತಿದ್ದಳು. ‘ನಾನೇ ಎಲ್ಲರಿಗೂ ಓದಿ ಹೇಳ್ತೀನಿ’ ಅಂತ ಚಕ್ಕಂಬಕ್ಕಳ ಹಾಕಿ ಕೂತು ಶುರು ಮಾಡಿದಳು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಕಂಡಕ್ಟರಿನ ಜಗಳಕ್ಕೆ ಶಂಕರ ನಕ್ಕ. ಪಲ್ಲವಿ ಪುಟ ತಿರುವಿದಳು. ‘ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ನಂಜಿ ಮೆಲ್ಲಗೆ ಇಳಿದು ಸುತ್ತ ನೋಡಿತು. ಹಾಲು ಕರೆಯುವ ಮೊದಲು ಕೆಚ್ಚಲನ್ನು ಬೆಚ್ಚಗಿನ ನೀರಿನಿಂದ ತೊಳೆದು ಒಣಗಿದ ಬಟ್ಟೆಯಿಂದ ಒರೆಸಬೇಕು.’ ಅಲ್ಲಿಗೆ ನಿಲ್ಲಿಸಿ, ತಲೆಯೆತ್ತಿ, ‘ಅಜ್ಜಿ, ಬಸ್ ಸ್ಟ್ಯಾಂಡಲ್ಲೇನಾ?’ ಅಂದಳು.

ಶಂಕರ ಪುಸ್ತಕ ಕಿತ್ತುಕೊಂಡು ನೋಡಿದ. ನಂಜಿ ಬಸ್ಸಿಳಿದ ಮೇಲೆ ಹದಿನಾರು ಪುಟ ಹೈನುರಾಸುಗಳ ಆರೈಕೆ. ಕೆಚ್ಚಲು ಬಾವು ಬಂದರೆ ಏನು ಲಕ್ಷಣ, ಯಾವಾಗ ಡಾಕ್ಟರನ್ನು ಕರೆಯಬೇಕು, ಕರುವಿಗೆ ಜಂತುಹುಳುವಿನ ಔಷಧ ಯಾವಾಗ, ಕೊಟ್ಟಿಗೆಯ ನೆಲ ಹೇಗಿರಬೇಕು, ಎಲ್ಲವೂ ಇತ್ತು. ಹದಿನಾರು ಪುಟ ಆದಮೇಲೆ ನಂಜಿ ಮತ್ತೆ ಕೆರೆಯ ಕಡೆ ನಡೆಯುತ್ತಿತ್ತು, ಏನೂ ಆಗಿಲ್ಲವೇನೋ ಅನ್ನುವ ಹಾಗೆ. ಮುನ್ನೂರು ಪ್ರತಿಯಲ್ಲೂ ಹೀಗೇ. ಶಂಕರ ಕೆಂಪಗಾಗಿ ಪ್ರೆಸ್ಸಿಗೆ ಓಡಿದ. ಚಿದಾನಂದಪ್ಪನವರು ಸಮಾಧಾನವಾಗಿ ತಿರುವಿ ನೋಡಿ, ಇದು ಯಾರೋ ಆರ್ಡರ್ ಕೊಟ್ಟು ಅರ್ಧ ಮಾತ್ರ ತೆಗೆದುಕೊಂಡು ಹೋದ ಹಳೆಯ ಕೆಲಸದ್ದು ಅಂದರಂತೆ. ನಮ್ಮ ಹೆಂಗಸರು ಇಂಥ ತಪ್ಪು ಮಾಡುವವರೇ ಅಲ್ಲ ಅಂದರಂತೆ. ಆಮೇಲೆ, ‘ಹೋಗ್ಲಿ ಸಾರ್, ಹದಿನಾರು ಪುಟ ಜಾಸ್ತಿ ಕೊಟ್ಟಿದ್ದೀವಿ, ಕಮ್ಮಿ ಅಂತೂ ಮಾಡಿಲ್ವಲ್ಲ. ಅದಕ್ಕೆ ಬೇರೆ ಸಹಕಾರ ಏನೂ ಕೇಳಲ್ಲ’ ಅಂದರಂತೆ.

ಇನ್ನೊಬ್ಬರಾಗಿದ್ದರೆ ಆ ಪುಸ್ತಕವನ್ನು ಹೊರಗೆ ತೆಗೆಯುತ್ತಿರಲಿಲ್ಲ. ಆದರೆ ಮಂಚದ ಕೆಳಗೆ ಕಸ ಗುಡಿಸಲು ಜಾಗ ಇರಲಿಲ್ಲ. ಗುಬ್ಬಿಯ ನಾಮಕರಣ, ಕುಣಿಗಲ್ಲಿನ ಗೃಹಪ್ರವೇಶ, ಕೋರದ ಬೀಗರ ಮನೆ, ಎಲ್ಲಿಗೆ ಹೋದರೂ ಚೀಲದಲ್ಲಿ ಎರಡು ಮೂರು ಇಟ್ಟುಕೊಂಡು ಹೋಗುತ್ತಿದ್ದೆ. ಕೊಡಲು ನಾಚಿಕೆಯಾಗಿ ಟಿವಿ ಪಕ್ಕದಲ್ಲೋ ಕಿಟಕಿಯಲ್ಲೋ ಇಟ್ಟು ಬಂದುಬಿಡುತ್ತಿದ್ದೆ. ಕೆಲವರು ‘ನಿಮ್ಮ ಪುಸ್ತಕ ಮರೆತು ಹೋಗಿದ್ರಿ’ ಅಂತ ಪ್ರಾಮಾಣಿಕವಾಗಿ ವಾಪಸ್ ತಂದುಕೊಟ್ಟರು. ಪುಟ್ಟಮ್ಮ ಬೈಯುತ್ತಲೇ ಮೂವತ್ತು ಪ್ರತಿ ಹೊತ್ತುಕೊಂಡು ಹೋಗಿ ಡೈರಿಯಲ್ಲಿ ಹಾಲು ಹಾಕಲು ಬಂದವರಿಗೆಲ್ಲ ಹಂಚಿದಳು. ತಿಂಗಳುಗಳು ಕಳೆದವು. ನಂಜಿಯ ಬಗ್ಗೆ ಒಂದೇ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ನಾನು ಎದುರಿಗೆ ಕೂತು, ಅವರೇ ಎತ್ತಲಿ ಅಂತ ಕಾಯುವುದು. ಅವರು ಮಳೆ, ಕರೆಂಟು, ಮೊಮ್ಮಕ್ಕಳ ಕೆಮ್ಮು ಎಲ್ಲವನ್ನೂ ಎತ್ತುವರು. ನಾನು ಕಾಫಿ ಕುಡಿದು ಎದ್ದುಬರುವುದು.

ಒಂದು ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅರವತ್ತರ ಆಸುಪಾಸಿನ ಒಬ್ಬರು, ಹೆಗಲ ಮೇಲೆ ಟವಲು, ಕೈಯಲ್ಲಿ ಒಂದು ಸ್ಟೀಲ್ ಕ್ಯಾನು. ‘ಪುಸ್ತಕ ಬರ್ದೋರ ಮನೆ ಇದೇಯಾ?’ ಅಂದರು. ಅಮೃತೂರು ಪಕ್ಕದ ಹಳ್ಳಿಯಂತೆ, ಹೆಸರು ಚಿಕ್ಕಣ್ಣ. ಕ್ಯಾನಿನಲ್ಲಿ ಗಿಣ್ಣುಹಾಲು. ‘ಇನ್ನೊಂದು ಪುಸ್ತಕ ಬೇಕಾಗಿತ್ತು ಕಣವ್ವಾ. ನಮ್ಮ ಬಾಮೈದುಂಗೆ. ದುಡ್ಡು ಎಷ್ಟಾದ್ರೂ ಕೊಡ್ತೀನಿ.’

ಕೇಳಿಕೊಂಡು ಬಂದಿದ್ದಾರೆ, ಮಂಡಿಯವನು ಬರುವ ಹಾಗೆ! ಗೋಡೆ ಹಿಡಿದುಕೊಂಡು, ನೆಲ ನೋಡುತ್ತಾ, ‘ಯಾವ ಕಥೆ... ಹಿಡಿಸ್ತು?’ ಅಂದೆ.

‘ಕತೆ ಗಿತೆ ನಂಗೊತ್ತಿಲ್ಲ ಕಣವ್ವಾ. ಆ ಕೆಚ್ಚಲು ಬಾವಿನ ವಿಚಾರ ಬರ್ದಿದೀರಲ್ಲ, ಏನ್ ಬರ್ದಿದೀರಿ! ಅದ್ರಲ್ಲಿರೋ ಹಂಗೇ ಕೈ ತೊಳ್ಕೊಂಡು, ಕೆಚ್ಚಲು ತೊಳ್ದು ಕರೀತಾ ಇವ್ನಿ. ಹಸಾ ಒಂದು ದಿನಾನೂ ಕಾಯಿಲೆ ಬಿದ್ದಿಲ್ಲ. ಹೆಣ್ಣೆಂಗಸಾಗಿ ಇಷ್ಟೆಲ್ಲ ಹೆಂಗೆ ತಿಳ್ಕೊಂಡ್ರಿ?’

ಅದು ನನ್ನದಲ್ಲ ಅಂತ ಹೇಳಬೇಕಾಗಿತ್ತು. ಹೇಳಲು ನಾಚಿಕೆಯಾಯಿತು. ‘ಹೀಗೇ...’ ಅಂದು ಒಳಗೆ ಹೋಗಿ ಪುಸ್ತಕ ತಂದುಕೊಟ್ಟೆ. ಗಿಣ್ಣು ಬಹಳ ಚೆನ್ನಾಗಿತ್ತು. ನಾನು ಮಾತ್ರ ಒಂದು ಚೂರು ತಿಂದು ಮಿಕ್ಕದ್ದನ್ನು ಚೇತನನ ತಟ್ಟೆಗೆ ಹಾಕಿದೆ.

ಆಮೇಲೆ ನಿಲ್ಲಲಿಲ್ಲ. ಡೈರಿಯ ಸೆಕ್ರೆಟರಿ ಐವತ್ತು ಪ್ರತಿ ತರಿಸಿಕೊಂಡ. ಕುಣಿಗಲ್ ಕಡೆಯಿಂದ ಪತ್ರ ಬಂತು, ‘ಕುರಿಯ ಬಗ್ಗೆಯೂ ಬರೆಯಿರಿ’ ಅಂತ. ‘ನಮ್ಮಕ್ಕ ದನದ್ ಡಾಕ್ಟ್ರು ಇದ್ದಂಗೆ’ ಅಂತ ಪುಟ್ಟಮ್ಮ ಬಸ್ಸಿನಲ್ಲೆಲ್ಲ ಹೇಳಿಕೊಂಡು ಓಡಾಡಿದಳು. ಮಂಚದ ಕೆಳಗೆ ನೆಲ ಕಾಣಿಸಿತು. ಸುದ್ದಿ ತಿಳಿದು ಚಿದಾನಂದಪ್ಪನವರೇ ಮನೆಗೆ ಬಂದು, ಈ ಸಲ ಕುರ್ಚಿಯಲ್ಲಿ ಕೂತು, ‘ಅಮ್ಮಾ, ಎರಡನೇ ಮುದ್ರಣ ಹಾಕೋಣ. ನಿಮ್ಮ ಸಹಕಾರ ಒಂದು ಪೈಸೆ ಬೇಡ, ನಾವೇ ನಿಮಗೆ ಕೊಡ್ತೀವಿ. ಒಂದೇ ಒಂದು ಮಾತು. ಕಥೆ ಇದೆಯಲ್ಲ, ಅದನ್ನ ತೆಗೆದುಬಿಡೋಣ’ ಅಂದರು. ನಾನು ‘ನೋಡೋಣ’ ಅಂದೆ. ನನ್ನ ನೋಡೋಣ ಅಂದರೆ ಆಗಲಿ ಅಂತಲೇ ಅರ್ಥ ಅನ್ನುವುದು ಮನೆಯವರಿಗೆಲ್ಲ ಗೊತ್ತು.

ಅದೇ ವಾರ ಚಿಕ್ಕಣ್ಣ ಮತ್ತೆ ಬಂದರು. ಕ್ಯಾನು ಇರಲಿಲ್ಲ. ಮನೆ ಮುಂದಿನ ಕಟ್ಟೆಯ ಮೇಲೆ ಕೂತು, ಟವಲು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, ನನಗಿಂತ ನಾಚಿಕೆಯವರ ಹಾಗೆ ಒದ್ದಾಡಿದರು. ‘ಪುಸ್ತಕಾನ ಕೊಟ್ಟಿಗೇಲಿ ದಾರ ಕಟ್ಟಿ ನೇತಾಕಿದ್ದೆ ಕಣವ್ವಾ, ಬೇಕಾದಾಗ ನೋಡಾಕೆ. ಹಿಂದ್ಗಡೆ ಹಾಳೇನೆಲ್ಲ ಕರ ತಿಂದಾಕ್ಬುಡ್ತು.’

‘ಆರೈಕೆ ಪುಟ ಹೋಯ್ತಾ?’

‘ಇಲ್ಲಿಲ್ಲ, ಅದು ಐತೆ. ಅದ್ರ ಹಿಂದ್ಗಡೆ ಇರೋದು...’ ಬೀದಿಯ ಕಡೆ ನೋಡಿದರು. ‘ಆ ಎಮ್ಮೆ ಕುಣಿಗಲ್ಲಲ್ಲಿ ಬಸ್ಸಿಳೀತಲ್ಲ. ಆಮೇಲೆ ಏನಾಯ್ತು? ಮನೇಗೆ ಬತ್ತಾ ಇಲ್ವಾ? ನನ್ನ ಮೊಮ್ಮಗಳು ಒಂದೇ ಸಮ ಕೇಳ್ತಾವ್ಳೆ.’

‘ಎಷ್ಟು ವರ್ಷ ಮೊಮ್ಮಗಳಿಗೆ?’

ಚಿಕ್ಕಣ್ಣ ಟವಲಿನಿಂದ ಮುಖ ಒರೆಸಿಕೊಂಡರು. ‘ಅವ್ಳಿಗಿನ್ನೂ ಮಾತು ಬರಲ್ಲ ಬುಡಿ’ ಅಂದರು.

ಒಂದು ಪ್ರತಿ ತಂದುಕೊಡಬಹುದಾಗಿತ್ತು. ಒಳಗೆ ಇನ್ನೂ ನಾಲ್ಕು ಉಳಿದಿದ್ದವು. ಆದರೆ ನಾನು ಕಟ್ಟೆಯ ಆ ತುದಿಯಲ್ಲಿ ಕೂತು, ನನ್ನ ಜೀವಮಾನದಲ್ಲಿ ಮೊದಲ ಸಲ ಪರಸ್ಥಳದ ಗಂಡಸರೊಬ್ಬರ ಎದುರು, ತಲೆಯೆತ್ತಿ, ಜೋರಾಗಿ ಕಥೆ ಹೇಳಿದೆ. ನಂಜಿ ಕೆರೆ ಏರಿ ಹತ್ತಿದ್ದು, ಅಷ್ಟು ನೀರು ನೋಡಿ ಅಮೃತೂರಿನ ನೀರಿನ ಕಟ್ಟೆಯ ನೆನಪಾಗಿ ಅತ್ತದ್ದು, ವಾಪಸ್ ಬರುವ ಬಸ್ಸಿನಲ್ಲಿ ಸೀಟು ಸಿಗದೆ, ಮುರಿದ ಬಲಗಡೆ ಕೊಂಬನ್ನು ಕಂಬಿಗೆ ಒರಗಿಸಿ ನಿಂತುಕೊಂಡೇ ಬಂದದ್ದು. ‘ಕಂಡಕ್ಟ್ರು ಟಿಕೇಟು ಕೇಳುದ್ನಾ?’ ಅಂದರು ಚಿಕ್ಕಣ್ಣ. ‘ಕೇಳ್ದ. ನಿಂತಿರೋರಿಗೆ ಹಾಫು ಅಂತ ಎಮ್ಮೆ ವಾದ ಮಾಡ್ತು’ ಅಂದೆ. ಅವರು ಕಟ್ಟೆ ಬಡಿದು ನಕ್ಕರು. ಎದುರು ಮನೆಯವರು ಕಿಟಕಿ ತೆಗೆದರು. ಸ್ಕೂಲಿನಿಂದ ಬಂದ ಪಲ್ಲವಿ ಗೇಟಿನಲ್ಲೇ ನಿಂತು, ‘ಎಡಗಡೆ ಕೊಂಬು ಅಜ್ಜಿ, ಬಲಗಡೆ ಅಲ್ಲ’ ಅಂತ ತಿದ್ದಿದಳು.

ಚಿದಾನಂದಪ್ಪನವರಿಗೆ ಕಥೆ ತೆಗೆಯಲು ಆಗುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿಬಿಟ್ಟೆ. ಅಂದರೆ, ಹೇಳಿದ್ದು ಸುಧಾ, ಫೋನಿನಲ್ಲಿ. ನಾನು ಪಕ್ಕದಲ್ಲಿ ನಿಂತಿದ್ದೆ. ಎರಡನೇ ಮುದ್ರಣ ಆಗಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ ಪಲ್ಲವಿ. ನಿನ್ನ ಕವನವನ್ನು ಯಾರಾದರೂ ಕೇಳಿಕೊಂಡು ಬಂದು, ಅದರಿಂದ ಸಂಪಾದನೆ ಮಾಡುವವರಾದರೆ, ನಿಮ್ಮಪ್ಪ ಹೇಳುವುದೇ ಸರಿ. ಒಂದು ಪೈಸೆ ಕೊಡಬೇಡ, ಇಸಿದುಕೋ. ಯಾರೂ ಕೇಳದೆ, ನಿನಗೇ ಆಸೆಯಾಗಿ ನೀನೇ ಹೊತ್ತುಕೊಂಡು ಹೋಗುವುದಾದರೆ ಬೀಸುವ ಕೂಲಿ ಕೊಡು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಕೂಲಿ ಅಂತಲೇ ಕರೆಯಲಿ. ಸಹಕಾರ ಅಂದರೆ ಎದ್ದು ಬಾ. ಕಣ್ಣಲ್ಲಿ ನೀರು ಬಂತು ಅಂದರೆ ಓಡಿ ಬಾ. ಕೂಲಿ ಕೊಟ್ಟ ಮೇಲೆ ಓದುವವರನ್ನೂ ಅವರೇ ಹುಡುಕಿಕೊಡುತ್ತಾರೆ ಅಂತ ಕಾಯಬೇಡ. ಹಿಟ್ಟಿನ ಮಿಷನ್ನಿನವನು ಮುದ್ದೆ ತಿರುವಲು ಮನೆಗೆ ಬರುವುದಿಲ್ಲ. ನಾನು ಕಾಶಿ ಬಿಟ್ಟು ಮುಕ್ಕಾಲು ಓದುಗನನ್ನು ಸಂಪಾದಿಸಿದೆ. ಮುಕ್ಕಾಲು ಯಾಕೆಂದರೆ ಕಾಲು ಭಾಗ ಕರು ತಿಂದಿತ್ತು. ನನಗೆ ನಷ್ಟ ಅನ್ನಿಸಿಲ್ಲ. ನಿನಗೆ ಅನ್ನಿಸಬಹುದು.

ಇನ್ನು ಆಮೇಲೆ ಹೇಳುತ್ತೇನೆ ಅಂದಿದ್ದ ವಿಷಯ. ಆ ದಿನ ಹೆಂಗಸರು ರಾಶಿಗಳನ್ನು ಸಾಲಾಗಿ ಇಟ್ಟು, ಎತ್ತಲು ಶುರು ಮಾಡುವ ಮೊದಲು ಊಟಕ್ಕೆ ಎದ್ದಾಗ ಮೇಜಿನ ಕೆಳಗೆ ಒಂದು ದೊಡ್ಡ ಕಂತೆಯ ರಾಶಿ ಬಿದ್ದಿತ್ತು. ನಾನು ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದೆ. ಮೇಲಿನ ಹಾಳೆಯಲ್ಲಿ ಒಂದು ಎಮ್ಮೆಯ ಚಿತ್ರ ಮಸುಕಾಗಿ ಕಾಣಿಸಿತು. ಅಯ್ಯೋ, ನನ್ನ ನಂಜಿಯನ್ನು ಬಿಟ್ಟೇ ಬಿಡುತ್ತಿದ್ದರಲ್ಲ ಅಂತ ಎತ್ತಿ ಒರೆಸಿ, ಸಾಲಿನ ಮಧ್ಯೆ ಜಾಗ ಮಾಡಿ ಇಟ್ಟೆ. ಹಿಂದಿನವರ ಹಿಟ್ಟು ಸೇರದ ಹಾಗೆ ಕಾಯಲು ಹೋದವಳು ಸೇರಿಸಿದ್ದು ಹೀಗೆ. ಜಯಮ್ಮ ಬೈಸಿಕೊಂಡಳೇನೋ, ಚಿದಾನಂದಪ್ಪನವರ ಮೇಲೆ ಶಂಕರ ಇವತ್ತಿಗೂ ಹಲ್ಲು ಕಡಿಯುತ್ತಾನೆ. ಹೇಳಲು ನಾಚಿಕೆಯಾಗಿ ಇಷ್ಟು ವರ್ಷ ಸುಮ್ಮನಿದ್ದೆ. ಅವನು ಇದನ್ನು ಓದಿದಾಗ ನಾನು ಅಮೃತೂರಿನಲ್ಲಿ ಪುಟ್ಟಮ್ಮನ ಮನೆಯಲ್ಲಿ ಇರುತ್ತೇನೆ.

ಮೊನ್ನೆ ಇಲ್ಲಿಯವರೆಗೆ ಬರೆದ ಹಾಳೆಗಳನ್ನೂ, ಇಂಥವೇ ಇನ್ನೊಂದಿಷ್ಟನ್ನೂ ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ಆಟೋ ಹತ್ತಿ ಪ್ರೆಸ್ಸಿಗೆ ಹೋಗಿದ್ದೆ. ಚಿದಾನಂದಪ್ಪನವರಿಗೆ ಈಗ ತಲೆಯೆಲ್ಲ ಬೆಳ್ಳಗಾಗಿದೆ. ಅದೇ ಸ್ಟೂಲು ಕೊಟ್ಟರು. ಅವರು ಬಾಯಿ ತೆಗೆಯುವ ಮೊದಲೇ ನಾನು, ‘ಕೂಲಿ ಎಷ್ಟಾಗುತ್ತೆ ಹೇಳಿ’ ಅಂದೆ. ಅವರು ನಕ್ಕು ಹೇಳಿದರು. ಆಮೇಲೆ ಸೆರಗಿನ ತುದಿ ಸುತ್ತುತ್ತಾ, ಧೈರ್ಯ ಮಾಡಿ, ‘ಇದಕ್ಕೆ ಮುಂಚೆ ಇಲ್ಲಿ ಯಾವ ಕೆಲಸ ನಡೀತಿತ್ತು?’ ಅಂದೆ.

‘ತೆಂಗಿಗೆ ನುಸಿ ಬಿದ್ರೆ ಏನು ಮಾಡ್ಬೇಕು ಅನ್ನೋ ಪುಸ್ತಕ ಅಮ್ಮಾ. ಸ್ವಲ್ಪ ಮಿಕ್ಕಿದೆ, ಅಗೋ, ಮೇಜಿನ ಕೆಳಗೇ ಬಿದ್ದಿದೆ. ಯಾಕೆ?’

‘ಏನಿಲ್ಲ, ಸುಮ್ಮನೆ’ ಅಂದು, ಕನ್ನಡಕ ತೆಗೆದು ಚೀಲದಲ್ಲಿ ಇಟ್ಟುಕೊಂಡೆ.